ಮನೆ ಕಟ್ಟಿ ನೋಡಿ... ಗೊಂಬೆಗೊಂದು!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಸೈಟು, ಸಾಲ, ಮೇಸ್ತ್ರಿ, ಮರಳು... ಒಂದು ಮನೆ ಎದ್ದು ನಿಲ್ಲುವಷ್ಟರಲ್ಲಿ ಯಜಮಾನರ ತಲೆಕೂದಲು ಅರ್ಧ ಬೆಳ್ಳಗಾಗಿರುತ್ತೆ. ಆದರೆ ಊಟದ ಮೇಜಿನ ಮೇಲೆ, ಒಂದು ಡಬ್ಬಿ ಅಂಟು, ಒಂದಿಷ್ಟು ಉಪ್ಪು ಕಾಗದ ಇಟ್ಟುಕೊಂಡು, ಯಾವ ಪ್ಲ್ಯಾನ್ ಮಂಜೂರಾತಿಯೂ ಇಲ್ಲದೆ ಎರಡಂತಸ್ತಿನ ಮನೆ ಕಟ್ಟೋ ಹಾಗಿದ್ದರೆ? ಅದೂ ನಿಮ್ಮಿಷ್ಟದ ಬಣ್ಣ, ನಿಮ್ಮಿಷ್ಟದ ಕಿಟಕಿ, ನೀವು ಹೇಳಿದ ಕಡೆಗೇ ಅಡುಗೆಮನೆ!

ಅಮೆರಿಕದಲ್ಲಿ ಇಂಥ ಮನೆ ಕಟ್ಟುವುದು ಹೆಂಗಸರ ಬಲು ಹಳೆಯ ಹವ್ಯಾಸ. ಮರದ ಗೊಂಬೆಮನೆಯ ಕಿಟ್ ತಂದು, ತುಂಡುಗಳನ್ನು ಜೋಡಿಸಿ, ಅಂಟಿಸಿ, ಬಣ್ಣ ಬಳಿದು ಮನೆ ಎಬ್ಬಿಸುವುದು. 1970ರ ದಶಕದಲ್ಲಿ ಈ ಹುಚ್ಚು ಅಲ್ಲಿ ಎಷ್ಟು ಹಬ್ಬಿತೆಂದರೆ 1972ರಲ್ಲಿ ಪುಟಾಣಿ ವಸ್ತುಗಳ ಹವ್ಯಾಸಿಗಳದ್ದೇ ಒಂದು ರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ಆಗ ಕೊಂಡು, ‘ಆಮೇಲೆ ಮಾಡೋಣ’ ಎಂದು ಅಟ್ಟಕ್ಕೆ ಸೇರಿಸಿದ ಪೆಟ್ಟಿಗೆಗಳು ಇಂದಿಗೂ ಅಲ್ಲಿನ ಗ್ಯಾರೇಜ್ ಸೇಲ್‌ಗಳಲ್ಲಿ ಹೊರಬರುತ್ತವೆ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ಮಗಳ ಬಾಣಂತನಕ್ಕೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲೋ ಆರು ತಿಂಗಳು ಅಮೆರಿಕಕ್ಕೆ ಹೋಗಿ ಬರುವ ಗೃಹಿಣಿಯರು ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಬೀದಿಗಿಬ್ಬರಿದ್ದಾರೆ. ಬೆಳಿಗ್ಗೆ ಮಗಳು-ಅಳಿಯ ಆಫೀಸಿಗೆ, ದೊಡ್ಡ ಮಗು ಶಾಲೆಗೆ. ಹೊರಗೆ ಚಳಿ, ಕಾರು ಓಡಿಸಲು ಬರಲ್ಲ, ಪಕ್ಕದ ಮನೆಯವರ ಮುಖವೇ ಕಾಣಲ್ಲ. ಅಡುಗೆ ಹತ್ತು ಗಂಟೆಗೇ ಮುಗಿದಿರುತ್ತೆ. ಆಮೇಲಿನ ಹೊತ್ತು ಕಳೆಯುವುದು ಹೇಗೆ? ಎಷ್ಟೋ ಅಮ್ಮಂದಿರು ಬಾಯಿಬಿಟ್ಟು ಹೇಳಿಕೊಳ್ಳದ ಕಷ್ಟ ಇದು. ಅಂಥವರಿಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ. ಇಲ್ಲೇ ಇದ್ದು ಮಕ್ಕಳಿಂದ ಕಿಟ್ ತರಿಸಿಕೊಂಡವರಿಗೂ ಈ ಮಾತುಗಳು ಅಷ್ಟೇ ಅನ್ವಯ.

ಮಕ್ಕಳಾಟವೇ? ಅಲ್ಲ ಕಣ್ರೀ!

‘ಈ ವಯಸ್ಸಲ್ಲಿ ಗೊಂಬೆ ಆಟವೇ?’ ಅಂತ ಯಾರಾದರೂ ನಕ್ಕರೆ ಈ ಕಥೆ ಹೇಳಿ. ಯೂರೋಪಿನ ಮೊದಮೊದಲ ಗೊಂಬೆಮನೆಗಳು ಮಕ್ಕಳಿಗಾಗಿ ಆದವೇ ಅಲ್ಲ. 1558ರ ಹೊತ್ತಿಗೆ ಜರ್ಮನಿಯ ಬವೇರಿಯಾದ ದೊರೆ ಐದನೇ ಆಲ್ಬ್ರೆಕ್ಟ್ ಮಾಡಿಸಿದ ಗೊಂಬೆಮನೆ ದೊಡ್ಡವರು ನೋಡಿ ಬೆರಗಾಗಲೆಂದೇ ಇಟ್ಟದ್ದು. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೆಟ್ರೊನೆಲಾ ಓರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿ 1686ರಿಂದ 1710ರ ಸುಮಾರಿನವರೆಗೆ ತಮ್ಮ ಗೊಂಬೆಮನೆಯನ್ನು ಅಲಂಕರಿಸುತ್ತಲೇ ಇದ್ದರು. ಪುಟಾಣಿ ಪಿಂಗಾಣಿ ಪಾತ್ರೆಗಳನ್ನು ಚೀನಾದಿಂದಲೇ ಮಾಡಿಸಿ ತರಿಸಿದ್ದರು! ಅದಕ್ಕೆ ಸುರಿದ ಹಣದಲ್ಲಿ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು ಅನ್ನುತ್ತಾರೆ. ಆ ಗೊಂಬೆಮನೆ ಈಗ ಅಲ್ಲಿನ ರಿಯ್ಕ್ಸ್ ಮ್ಯೂಸಿಯಂನಲ್ಲಿದೆ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಇಂಗ್ಲೆಂಡಿನ ರಾಣಿ ಮೇರಿಯ ಗೊಂಬೆಮನೆ. 1921ರಿಂದ 1924ರವರೆಗೆ ಇದನ್ನು ರೂಪಿಸಿದವರು ಯಾರು ಗೊತ್ತಾ? ದಿಲ್ಲಿಯಲ್ಲಿ ಇಂದಿನ ರಾಷ್ಟ್ರಪತಿ ಭವನವನ್ನು ಕಟ್ಟಿಸುತ್ತಿದ್ದ ಅದೇ ಎಡ್ವಿನ್ ಲುಟ್ಯೆನ್ಸ್. ಅಲ್ಲಿ ದೊಡ್ಡ ಅರಮನೆ, ಇಲ್ಲಿ ಪುಟ್ಟ ಅರಮನೆ, ಎರಡೂ ಒಂದೇ ಕಾಲಕ್ಕೆ! ನಲ್ಲಿಯಲ್ಲಿ ನೀರು ಬರುವ, ದೀಪ ಉರಿಯುವ ಆ ಮನೆಯನ್ನು ಇಂದಿಗೂ ವಿಂಡ್ಸರ್ ಕೋಟೆಯಲ್ಲಿ ನೋಡಬಹುದು.

ಅಷ್ಟಕ್ಕೂ ದಸರೆಗೆ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಪಟ್ಟದ ಗೊಂಬೆಗೆ ಸೀರೆ ಉಡಿಸಿ, ಮೆಟ್ಟಿಲು ಜೋಡಿಸಿ, ಪಕ್ಕದಲ್ಲಿ ರಾಗಿ ಮೊಳಕೆಯ ಪಾರ್ಕು ಮಾಡುವ ನಮಗೆ ಗೊಂಬೆ ಲೋಕ ಹೊಸದೇನಲ್ಲವಲ್ಲ?

ಪೆಟ್ಟಿಗೆಯೊಳಗೆ ಏನಿರುತ್ತೆ?

ಗ್ರೀನ್‌ಲೀಫ್, ಡ್ಯೂರಾಕ್ರಾಫ್ಟ್ ಮುಂತಾದ ಹೆಸರಿನ ಅಮೆರಿಕನ್ ಕಿಟ್‌ಗಳು ಹಳೇ ಸಾಮಾನಿನ ನಡುವೆ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಗ್ರೀನ್‌ಲೀಫ್ ಥರದ ಕಿಟ್‌ನಲ್ಲಿ ಸುಮಾರು 3 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆಗಳಿರುತ್ತವೆ. ಗೋಡೆ, ನೆಲ, ಛಾವಣಿ, ಕಿಟಕಿ ಚೌಕಟ್ಟು, ಮೆಟ್ಟಿಲು ಎಲ್ಲದರ ಆಕಾರವನ್ನೂ ಅಚ್ಚಿನಲ್ಲಿ ಒತ್ತಿ ಕತ್ತರಿಸಿರುತ್ತಾರೆ. ಮಾತ್ರೆ ಪಟ್ಟಿಯಿಂದ ಮಾತ್ರೆ ಬಿಡಿಸಿದಂತೆ ತುಂಡುಗಳನ್ನು ಬಿಡಿಸಿಕೊಳ್ಳಬೇಕು. ಒಂದು ತುಂಡಿನ ನಾಲಿಗೆಯನ್ನು ಇನ್ನೊಂದರ ಸೀಳಿನಲ್ಲಿ ಕೂರಿಸಿ ಅಂಟಿಸುವುದು. ಮೊಳೆ ಬೇಡ, ಸುತ್ತಿಗೆ ಬೇಡ.

ಅಳತೆ ಸಾಮಾನ್ಯವಾಗಿ ಒಂದು ಅಡಿಗೆ ಒಂದು ಇಂಚು. ಈ ಲೆಕ್ಕ ತಲೆಯಲ್ಲಿದ್ದರೆ ಸಾಕು, ಮಿಕ್ಕಿದ್ದೆಲ್ಲ ಸಲೀಸು. ಏಳಡಿ ಬಾಗಿಲು ಏಳು ಇಂಚು. ಒಂದಡಿ ಅಗಲದ ಊಟದ ತಟ್ಟೆ ಒಂದು ಇಂಚು, ಅಂದರೆ ಬಾಟಲಿ ಮುಚ್ಚಳದಷ್ಟು. ಹದಿನೆಂಟು ಅಡಿ ಸೀರೆ ಗೊಂಬೆಗೆ ಹದಿನೆಂಟು ಇಂಚು ಉದ್ದ, ಅಗಲ ಮೂರೂಮುಕ್ಕಾಲು ಇಂಚು!

ಹಳೇ ಕಿಟ್ ಕೊಳ್ಳುವ ಮುನ್ನ

* ಪೆಟ್ಟಿಗೆ ತೆಗೆಸಿಯೇ ನೋಡಿ. ಸೂಚನೆ ಪುಸ್ತಕ ಇದೆಯೇ? ಅದರಲ್ಲಿ ಹೇಳಿದಷ್ಟು ಹಾಳೆ ಇವೆಯೇ? ಎಣಿಸಿ. ಒಂದು ಸಣ್ಣ ಕಿಟಕಿ ಪಟ್ಟಿ ಕಳೆದಿದ್ದರೆ ಬೇರೆ ತೆಳು ಮರದಲ್ಲಿ ಕತ್ತರಿಸಿಕೊಳ್ಳಬಹುದು. ಒಂದಿಡೀ ಹಾಳೆಯೇ ಇಲ್ಲದಿದ್ದರೆ ಸಹವಾಸ ಬೇಡ.

* ಹಾಳೆ ಬಗ್ಗಿದೆಯೇ ನೋಡಿ. ಸ್ವಲ್ಪ ಬಗ್ಗಿದ್ದರೆ ಒಳಭಾಗಕ್ಕೆ ಒದ್ದೆ ಬಟ್ಟೆ ಸವರಿ, ಸಮತಟ್ಟಾದ ಜಾಗದಲ್ಲಿಟ್ಟು, ಮೇಲೆ ಭಾರ ಹೇರಿ ಎರಡು ದಿನ ಬಿಟ್ಟರೆ ಸಾಕಷ್ಟು ನೆಟ್ಟಗಾಗುತ್ತೆ. ಪದರ ಪದರವಾಗಿ ಬಿಟ್ಟುಕೊಂಡಿದ್ದರೆ ಬೇಡವೇ ಬೇಡ.

* ಸಣ್ಣ ತೂತು, ಪಕ್ಕದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಹುಳ ಹಿಡಿದಿದೆ ಅಂತ ಅರ್ಥ. ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬೇಡಿ.

* ಬರೀ ಮುಗ್ಗಲು ವಾಸನೆ ಇದ್ದರೆ ಹೆದರಬೇಕಿಲ್ಲ. ನೆರಳಿನಲ್ಲಿ, ಗಾಳಿಯಾಡುವ ಕಡೆ ಬಿಡಿಸಿಡಿ.

* ಮೊದಲ ಸಲಕ್ಕೆ ಚಿಕ್ಕ ಕಾಟೇಜ್ ಮನೆಯೇ ಸಾಕು. ಗೋಪುರ, ಬಾಲ್ಕನಿ, ಇಳಿಜಾರು ಛಾವಣಿ ಇರುವ ವಿಕ್ಟೋರಿಯಾ ಕಾಲದ ಬಂಗಲೆ ಚಿತ್ರ ನೋಡಿ ಮರುಳಾಗಬೇಡಿ. ಚಿಕ್ಕ ಮನೆಗೇ ವಾರಗಟ್ಟಲೆ ಹಿಡಿಯುತ್ತೆ. ದೊಡ್ಡದನ್ನು ಕೈಗೆತ್ತಿಕೊಂಡು ಅರ್ಧಕ್ಕೆ ಬಿಟ್ಟರೆ ನಿಮಗೂ ಬೇಸರ, ಮನೆಯಲ್ಲಿ ಜಾಗವೂ ದಂಡ.

ಮೊದಲು ಇದನ್ನು ಇತ್ಯರ್ಥ ಮಾಡಿ: ಮನೆ ಯಾರಿಗೆ?

ಅಂಟಿನ ಡಬ್ಬಿ ತೆಗೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ತೆಳು ಪ್ಲೈವುಡ್ಡಿನ ಈ ಮನೆ ನೋಡಲು ಚೆಂದ, ಎಳೆದಾಡಿದರೆ ಮುರಿಯುತ್ತೆ. ಮೊಮ್ಮಗಳಿಗೆ ಆಟಕ್ಕೆ ಅಂತ ಹೇಳಿ ಶುರುಮಾಡಿ, ಮುಗಿದ ಮೇಲೆ ‘ಮುಟ್ಟಬೇಡ, ಕೆಡುತ್ತೆ’ ಅಂತ ಗದರಿಸಿದರೆ ಆ ಮಗುವಿನ ಮನಸ್ಸು ಏನಾಗಬೇಡ? ಆಟಕ್ಕಾದರೆ ಹೊಳಪಿನ ಗಟ್ಟಿ ಬಣ್ಣ ಬಳಿಯಿರಿ, ಸೂಕ್ಷ್ಮ ಅಲಂಕಾರ ಕಡಿಮೆ ಮಾಡಿ, ಒಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಪಾತ್ರೆ-ಪಡಗ ಇಡಿ. ‘ಇದು ನನ್ನದು, ನನ್ನ ಖುಷಿಗೆ’ ಅನ್ನುವುದಾದರೆ ಅದನ್ನೂ ಮೊದಲೇ ನಗುನಗುತ್ತಾ ಹೇಳಿಬಿಡಿ. ಜನ್ಮವೆಲ್ಲ ಬೇರೆಯವರಿಗಾಗಿ ದುಡಿದ ಕೈ ತನಗಾಗಿ ಒಂದು ಮನೆ ಕಟ್ಟಿಕೊಂಡರೆ ಅದರಲ್ಲಿ ನಾಚಿಕೊಳ್ಳುವಂಥದ್ದೇನಿದೆ?

ಇನ್ನೊಂದು ಮಾತು. ಮಗಳ ಮನೆಯೇ ಆಗಲಿ, ಸೊಸೆಯ ಮನೆಯೇ ಆಗಲಿ, ಅವರ ಊಟದ ಮೇಜನ್ನು ಎರಡು ತಿಂಗಳು ಆಕ್ರಮಿಸಿಕೊಳ್ಳುವ ಮುನ್ನ ಒಂದು ಮಾತು ಕೇಳಿ. ಮಡಚುವ ಮೇಜೊಂದನ್ನು ಕಿಟಕಿ ಪಕ್ಕ ಹಾಕಿಸಿಕೊಂಡರೆ ಯಾರಿಗೂ ಕಿರಿಕಿರಿಯಿಲ್ಲ. ಸೊಸೆಗೆ ‘ಬಣ್ಣ ನೀನೇ ಆರಿಸಮ್ಮ’ ಅಂದು ನೋಡಿ. ಸಂಜೆ ಆಫೀಸಿನಿಂದ ಬಂದವಳು ತಾನೇ ಬ್ರಶ್ ಹಿಡಿದು ಪಕ್ಕದಲ್ಲಿ ಕೂತರೂ ಕೂತಾಳು!

ಬೇಕಾಗುವ ಸಾಮಾನು

ಬಡಗಿಗಳ ಬಿಳಿ ಅಥವಾ ಹಳದಿ ಮರದ ಅಂಟು (ನಮ್ಮಲ್ಲಿ ಫೆವಿಕಾಲ್), ನಯವಾದ ಉಪ್ಪು ಕಾಗದ, ಹರಿತವಾದ ಕಟರ್, ಪೆನ್ಸಿಲ್, ಸ್ಟೀಲ್ ಸ್ಕೇಲ್, ಮಾಸ್ಕಿಂಗ್ ಟೇಪ್, ಬಟ್ಟೆ ಕ್ಲಿಪ್, ರಬ್ಬರ್ ಬ್ಯಾಂಡ್, ಪ್ರೈಮರ್, ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣ, ಎರಡು ಬ್ರಶ್, ಒದ್ದೆ ಬಟ್ಟೆ. ಮೂಲೆ ನೆಟ್ಟಗಿದೆಯೇ ನೋಡಲು ಬಡಗಿಯ ಮೂಲೆಮಟ್ಟ. ಅದಿಲ್ಲದಿದ್ದರೆ ದಪ್ಪ ರಟ್ಟಿನ ಪುಸ್ತಕದ ಮೂಲೆಯೂ ಆದೀತು.

ಹಂತ ಹಂತವಾಗಿ...

1. ಮೊದಲ ದಿನ ಬರೀ ಓದಿ. ಸೂಚನೆ ಪುಸ್ತಕವನ್ನು ಕೊನೆಯವರೆಗೆ ಎರಡು ಸಲ ಓದಿ. ಹಳೇ ಪುಸ್ತಕದ ಕಾಗದ ಹರಿಯುವಂತಿರುತ್ತೆ, ಒಂದು ಪ್ರತಿ ತೆಗೆಸಿಟ್ಟುಕೊಳ್ಳಿ.

2. ಹೆಸರು ಬರೆಯಿರಿ. ತುಂಡು ಬಿಡಿಸುವ ಮೊದಲೇ ಹಿಂಬದಿಗೆ ‘ಎಡ ಗೋಡೆ’, ‘ಮಹಡಿ ನೆಲ’ ಅಂತ ಪೆನ್ಸಿಲ್ಲಿನಲ್ಲಿ ಬರೆದುಬಿಡಿ. ಪೆನ್ನು ಬೇಡ, ಶಾಯಿ ಆಮೇಲೆ ಬಣ್ಣದ ಮೇಲೂ ಎದ್ದು ಕಾಣುತ್ತೆ.

3. ಬೇಕಾದಷ್ಟೇ ಬಿಡಿಸಿ. ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ದಿನ ಬಿಡಿಸಿ ರಾಶಿ ಹಾಕಿದರೆ ಯಾವುದು ಎಲ್ಲಿಯದು ತಿಳಿಯದೆ ತಲೆ ಕೆಡುತ್ತೆ. ಹಳೇ ಮರ ಒಣಗಿ ಗರಿಗರಿಯಾಗಿರುತ್ತೆ. ಬಲವಾಗಿ ಒತ್ತಿದರೆ ಟಪ್ಪಂತ ಸೀಳಿಹೋಗುತ್ತೆ. ಎಲ್ಲಿ ಅಚ್ಚು ಪೂರ್ತಿ ಕತ್ತರಿಸಿಲ್ಲವೋ ಅಲ್ಲಿ ಹಿಂದಿನಿಂದ ಕಟರ್ ಆಡಿಸಿ, ಮೆಲ್ಲಗೆ ಬಿಡಿಸಿ. ಸೀಳಿದರೂ ಅಳಬೇಡಿ, ಅಂಟು ಸವರಿ ಟೇಪ್ ಸುತ್ತಿಟ್ಟರೆ ಮರುದಿನಕ್ಕೆ ಕೂಡಿಕೊಂಡಿರುತ್ತೆ.

4. ಅಂಚು ಉಜ್ಜಿ. ಸಿಬಿರು ಹೋಗುವಷ್ಟು ಉಜ್ಜಿದರೆ ಸಾಕು. ನಾಲಿಗೆಗಳನ್ನು ಜಾಸ್ತಿ ಉಜ್ಜಿದರೆ ಸೀಳಿನಲ್ಲಿ ಸಡಿಲವಾಗುತ್ತೆ. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

5. ಅಂಟಿಲ್ಲದೆ ಒಮ್ಮೆ ಕಟ್ಟಿ. ಇದನ್ನು ಮಾತ್ರ ತಪ್ಪಿಸಬೇಡಿ. ಮಾಸ್ಕಿಂಗ್ ಟೇಪ್ ಹಚ್ಚಿ ಇಡೀ ಮನೆ ನಿಲ್ಲಿಸಿ ನೋಡಿ. ಯಾವ ಗೋಡೆ ತಲೆಕೆಳಗಾಗಿದೆ, ಯಾವ ಸೀಳು ಬಿಗಿಯಾಗಿದೆ ಎಲ್ಲ ಈಗಲೇ ಗೊತ್ತಾಗುತ್ತೆ. ಅಂಟು ಒಣಗಿದ ಮೇಲೆ ಗೊತ್ತಾದರೆ ಮನೆ ಒಡೆಯದೆ ದಾರಿಯಿಲ್ಲ. ಯಾವ ಮೂಲೆಗೆ ಆಮೇಲೆ ಕೈ ಹೋಗಲ್ಲ ಅನ್ನುವುದನ್ನೂ ಗುರುತು ಮಾಡಿಕೊಳ್ಳಿ.

6. ಎರಡೂ ಬದಿಗೆ ಪ್ರೈಮರ್. ಒಂದೇ ಬದಿಗೆ ಬಳಿದರೆ ತೆಳು ಹಲಗೆ ಹಪ್ಪಳದಂತೆ ಸೊಟ್ಟಗಾಗುತ್ತೆ. ನಾಲಿಗೆ, ಸೀಳುಗಳಿಗೆ ಮಾತ್ರ ಬಣ್ಣ ತಾಗಿಸಬೇಡಿ. ಬಣ್ಣ ಕುಡಿದ ಮರಕ್ಕೆ ಅಂಟು ಸರಿಯಾಗಿ ಹಿಡಿಯಲ್ಲ.

7. ಈಗ ಅಂಟಿಸಿ. ಮೊದಲು ಅಡಿಪಾಯ, ಆಮೇಲೆ ನೆಲ, ಗೋಡೆ, ಮಹಡಿ, ಕೊನೆಗೆ ಛಾವಣಿ. ನಿಜವಾದ ಮನೆಯ ಹಾಗೇ! ದೋಸೆಗೆ ಎಣ್ಣೆ ಸವರಿದಂತೆ ತೆಳ್ಳಗೆ ಅಂಟು ಸವರಿ, ಹೊರಗೆ ಉಕ್ಕಿದ್ದನ್ನು ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ರತಿ ಮೂಲೆಗೂ ಮೂಲೆಮಟ್ಟ ಇಟ್ಟು ನೋಡಿ, ಟೇಪು, ಕ್ಲಿಪ್ಪು ಹಾಕಿ ರಾತ್ರಿಯಿಡೀ ಬಿಡಿ. ಬೇಗ ಆಗಲಿ ಅಂತ ಗೋಡೆಗೆ ಗ್ಲೂ ಗನ್ನಿನ ಬಿಸಿ ಅಂಟು ಹಾಕುವವರಿದ್ದಾರೆ. ಅದು ಕ್ಷಣದಲ್ಲೇ ಗಟ್ಟಿಯಾಗುವುದರಿಂದ ಗೋಡೆ ಸರಿಪಡಿಸಲು ಸಮಯ ಸಿಗಲ್ಲ, ವರ್ಷಗಳು ಕಳೆದ ಮೇಲೆ ಬಿಟ್ಟುಕೊಳ್ಳುವುದೂ ಉಂಟು.

8. ಒಳಗಿನ ಕೆಲಸ ಮೊದಲು. ಕೈ ಹೋಗದ ಮೂಲೆಗಳ ಬಣ್ಣ, ಗೋಡೆ ಕಾಗದ, ಮೆಟ್ಟಿಲಿನ ಪಾಲಿಶ್ ಎಲ್ಲ ಮುಚ್ಚುವ ಮೊದಲೇ ಮುಗಿದಿರಬೇಕು. ಗೋಡೆ ಕಾಗದಕ್ಕೆ ಮೊದಲು ನ್ಯೂಸ್ ಪೇಪರ್ ಕತ್ತರಿಸಿ ಅಳತೆ ನೋಡಿ. ಕುಪ್ಪಸದ ಬಟ್ಟೆ ಕತ್ತರಿಸುವ ಮುನ್ನ ಟೈಲರ್ ಮಾಡುವುದೂ ಇದನ್ನೇ ತಾನೆ? ಕಿಟಕಿ ಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು.

9. ಛಾವಣಿಗೆ ಹೆಂಚು. ಕಿಟ್‌ನಲ್ಲಿ ತೆಳ್ಳನೆಯ ಮರದ ಬಿಲ್ಲೆಗಳಿದ್ದರೆ ಸಮಾನ ಅಂತರಕ್ಕೆ ಪೆನ್ಸಿಲ್ ಗೆರೆ ಎಳೆದುಕೊಂಡು, ನಮ್ಮ ಮಂಗಳೂರು ಹೆಂಚಿನ ಹಾಗೆ ಕೆಳಗಿನಿಂದ ಮೇಲಕ್ಕೆ ಸಾಲು ಹಿಡಿಯಿರಿ. ಮೊದಲ ಸಾಲು ಜೋಡಿ ಪದರ. ಒಂದು ಸಾಲಿನ ಸಂದು ಇನ್ನೊಂದರ ಸಂದಿನ ಮೇಲೆ ಬರಬಾರದು. ಬಣ್ಣ ಹಾಕುವುದಿದ್ದರೆ ಮೊದಲೇ ಅದ್ದಿ ಒಣಗಿಸಿಕೊಳ್ಳಿ. ಇಲ್ಲಿ ಮಾತ್ರ ನೀರಿನ ಅಂಶದ ಬಿಳಿ ಅಂಟು ಬೇಡ, ಬಿಲ್ಲೆಗಳು ಮುದುಡಿ ಮೇಲೇಳುತ್ತವೆ. ಗೋಡೆಗೆ ಬೇಡ ಎಂದ ಬಿಸಿ ಅಂಟು ಇಲ್ಲಿ ಉಪಯೋಗಕ್ಕೆ ಬರುತ್ತೆ!

ಒಳಗಿರಲಿ ನಮ್ಮ ಮನೆ

ಹೊರಗಿನಿಂದ ಅಮೆರಿಕದ ಮನೆಯೇ ಇರಲಿ, ಅದರ ಅಂದ ಅದಕ್ಕೆ. ಆದರೆ ಒಳಗೆ ಗೃಹಪ್ರವೇಶ ಮಾಡುವವರು ನಾವು ತಾನೆ? ಮುಂಬಾಗಿಲಿಗೆ ಐಸ್‌ಕ್ರೀಂ ಕಡ್ಡಿಯಲ್ಲಿ ಹೊಸ್ತಿಲು ಮಾಡಿ, ಅರಿಶಿನ-ಕುಂಕುಮದ ಚುಕ್ಕಿ ಇಡಿ. ಹಸಿರು ಕಾಗದದಲ್ಲಿ ಮಾವಿನೆಲೆ ತೋರಣ. ಬೆಂಕಿಪೊಟ್ಟಣದಲ್ಲಿ ತುಳಸಿಕಟ್ಟೆ. ಹಳೇ ಸೀರೆಯ ಅಂಚಿನಲ್ಲಿ ಪರದೆ, ಸಣ್ಣ ಹೂವಿನ ಬಟ್ಟೆಯಲ್ಲಿ ಹಾಸಿಗೆ. ಬಟ್ಟೆಯ ಚಿತ್ತಾರ ಆದಷ್ಟೂ ಪುಟ್ಟದಿರಲಿ, ದೊಡ್ಡ ಹೂವಾದರೆ ಅಳತೆ ಕೆಡುತ್ತೆ.

ಶಾಲೆಯಿಂದ ಬಂದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಣ್ಣ ಬಳಿಯುವುದು, ಬಿಲ್ಲೆ ಎಣಿಸುವುದು ಅವಳ ಪಾಲಿಗಿರಲಿ. ಕಟರ್, ಬಿಸಿ ಅಂಟು ನಿಮ್ಮ ಪಾಲಿಗೆ. ಕೂರಿಸಿ ಅಕ್ಷರ ತಿದ್ದಿಸಿದರೆ ಓಡಿಹೋಗುವ ಮಗು ಇಲ್ಲಿ ಗಂಟೆಗಟ್ಟಲೆ ಕೂರುತ್ತೆ. ‘ಅಜ್ಜಿ, ಇದೇನು?’ ಅಂದಾಗ ಹೊಸ್ತಿಲು, ತೊಲೆ, ಅಟ್ಟ, ಪಡಸಾಲೆ, ನಡುಮನೆ, ಹಿತ್ತಿಲು ಅಂತ ಒಂದೊಂದೇ ಮಾತು ಕಲಿಸಿ. ಕನ್ನಡ ಕಿವಿಗೆ ಬೀಳುವುದೇ ಅಪರೂಪವಾದ ಮಗುವಿಗೆ, ಕೈಯಲ್ಲಿ ಮುಟ್ಟಿ ಕಲಿತ ಮಾತು ಬೇಗ ಮರೆಯುವುದಿಲ್ಲ. ಅಪ್ಪ ಹುಟ್ಟಿದ ಮನೆ ಹೇಗಿತ್ತು, ಬಾವಿ ಎಲ್ಲಿತ್ತು ಅನ್ನೋ ಕಥೆಗಳೂ ತಾವಾಗಿಯೇ ಬರುತ್ತವೆ.

ಒಂದೆರಡು ಕೆಲಸ ಬೇಕೆಂದೇ ಉಳಿಸಿ ಬನ್ನಿ. ಮಹಡಿ ಕೋಣೆಯ ಪರದೆ, ತೋಟದ ಬೇಲಿ ಯಾವುದಾದರೂ ಸರಿ. ನೀವು ವಿಮಾನ ಹತ್ತಿದ ಮೇಲೂ ‘ಬೇಲಿಗೆ ಯಾವ ಬಣ್ಣ ಅಜ್ಜಿ?’ ಅಂತ ಕೇಳಲು ಆ ಮಗುವಿಗೊಂದು ನೆಪ ಬೇಕಲ್ಲ? ಅಲ್ಲಿಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲ ಪಕ್ಕ ಅಜ್ಜಿ ಕಟ್ಟಿದ ಮನೆಯೂ ಕೂರಲಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಕಟ್ಟಿದ ಮನೆಯನ್ನು ಊರಿಗೆ ತರಬಹುದೇ?
ಕಷ್ಟ. ಅದು ಸೂಟ್‌ಕೇಸಿಗೆ ಹಿಡಿಸಲ್ಲ. ಇಲ್ಲೇ ಕಟ್ಟುವ ಆಸೆಯಿದ್ದರೆ ಕಿಟ್ಟನ್ನು ಬಿಡಿಸದೆ, ಹಾಳೆಗಳನ್ನು ಹಾಗೆಯೇ ಚಪ್ಪಟೆಯಾಗಿ ಪ್ಯಾಕ್ ಮಾಡಿ ತನ್ನಿ. ಮೊದಲು ತೂಕ ನೋಡಿ, ಇಲ್ಲದಿದ್ದರೆ ಉಪ್ಪಿನಕಾಯಿ ಡಬ್ಬಿಗಳ ಹಾಗೆ ಏರ್‌ಪೋರ್ಟಿನಲ್ಲಿ ಪೇಚಾಟ.

ಮೊದಲೇ ಕಟ್ಟಿದ ಹಳೇ ಗೊಂಬೆಮನೆ ಸಿಕ್ಕಿದೆ, ಕೊಳ್ಳಲೇ?
ಹಳೇ ಬಣ್ಣದಲ್ಲಿ ಸೀಸ ಇರಬಹುದು, ಎಚ್ಚರ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣ ಮತ್ತು ಆಟಿಕೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಭಾರತದಲ್ಲಿ ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಾಗಾಗಿ ಹಳೇ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಎಳೆ ಮಕ್ಕಳ ಕೈಗೆ ಕೊಡಬೇಡಿ. ಅದು ಗಾಜಿನ ಬೀರುವಿನಲ್ಲೇ ಇರಲಿ.

ದೀಪ ಹಾಕಬಹುದೇ?
ಖಂಡಿತ. ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಸಾಕು. ಗೋಡೆ ಪ್ಲಗ್ಗಿನ ಕರೆಂಟನ್ನು ನೇರವಾಗಿ ಕೊಡುವ ಸಾಹಸ ಬೇಡ, ಇದು ಮರದ ಮನೆ! ಸೆಲ್ ಇಡುವ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಇರಲಿ, ಬಟನ್ ಸೆಲ್ ಮಗು ನುಂಗಿದರೆ ಪ್ರಾಣಕ್ಕೇ ಅಪಾಯ.

ಕೂಸು ಇರುವ ಮನೆ, ಪರವಾಗಿಲ್ಲವೇ?
ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಪುಟಾಣಿ ಪಾತ್ರೆ, ಕಿಟಕಿ ತುಂಡು ಗಂಟಲಿಗೆ ಸಿಕ್ಕಿದರೆ ಕಷ್ಟ. ಪ್ರತಿದಿನ ಕೆಲಸ ಮುಗಿದ ಮೇಲೆ ಸಣ್ಣ ತುಂಡುಗಳನ್ನೆಲ್ಲ ಡಬ್ಬಿಗೆ ತುಂಬಿ ಎತ್ತರದಲ್ಲಿಡಿ. ಮನೆಯನ್ನೂ ಬೀಳದಂತೆ ಭದ್ರವಾದ ಜಾಗದಲ್ಲಿಡಿ.

ನಮ್ಮೂರಿನ ಹವೆಗೆ ಬಾಳಿಕೆ ಬರುತ್ತದೆಯೇ?
ನೇರ ಬಿಸಿಲು, ಗೋಡೆಯ ತೇವ ಎರಡೂ ತಾಗದಂತಿಡಿ. ಮಳೆಗಾಲದಲ್ಲಿ ಗೋಡೆಯಿಂದ ನಾಲ್ಕು ಇಂಚು ದೂರ, ನೆಲದಿಂದ ಎತ್ತರದಲ್ಲಿರಲಿ. ಗೆದ್ದಲು ಬಂದಿದೆಯೇ ಅಂತ ಆಗಾಗ ಕೆಳಗೆ ಬಗ್ಗಿ ನೋಡುತ್ತಿರಿ. ಧೂಳಿಗೆ ಒಣ ಬ್ರಶ್ ಸಾಕು, ಒದ್ದೆ ಬಟ್ಟೆ ಬೇಡ.

ದಿನಕ್ಕೆ ಒಂದು ಗಂಟೆ ಸಾಕು ಕಣ್ರೀ. ಇವತ್ತು ಒಂದು ಗೋಡೆ, ನಾಳೆ ಒಂದು ಕಿಟಕಿ. ಅಂಟು ಒಣಗುವವರೆಗೆ ಕಾಯುವುದೇ ಇದರಲ್ಲಿ ಅರ್ಧ ಕೆಲಸ. ಹಾಲು ಉಕ್ಕದಂತೆ, ಹೆಪ್ಪು ಕದಡದಂತೆ ಕಾಯುತ್ತಲೇ ಬಂದ ನಮಗೆ ಆ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ, ಏನಂತೀರಾ?